ಕಪ್ಯಾರ್ ಮನೆಯ ಪೆಸಹಾ

ನೆರೆಮನೆಯ ಪೆಣ್ಣಮ್ಮ ಬಾಳೆಲೆ ಮುಚ್ಚಿದ ತಟ್ಟೆಯನ್ನೂ ಬೆಲ್ಲ ಹಾಕಿದ ತೆಂಗಿನ ಹಾಲಿನ ಡಬ್ಬಿಯನ್ನೂ ಮೇಜಿನ ಮೇಲಿಟ್ಟಳು. ಸಾವಾದ ಮನೆಯಲ್ಲಿ ಆ ವರ್ಷ, ಯೇಸುವಿನ ಕಡೆಯ ಊಟದ ನೆನಪಿಗೆ ಮಾಡುವ ಹುಳಿಯಿಲ್ಲದ ರೊಟ್ಟಿ, ಪೆಸಹಾ ಅಪ್ಪಂ, ಬೇಯಿಸುವಂತಿಲ್ಲ. ಪಕ್ಕದವರು ತಂದುಕೊಡಬೇಕು.

"ಅಪ್ಪಂ ಕತ್ತರಿಸೋರು ಯಾರೇ, ತ್ರೇಸ್ಯಾ?"

"ಇವರೇ, ಚೇಡತ್ತಿ. ಬರ್ತೀನಿ ಅಂದಿದಾರೆ."

"ಕುಂಜೇರಿಯಾನಾ? ಪೆಸಹಾ ಗುರುವಾರ ಸಂಜೆ ಮನೇಲಾ? ಅವನು ಸ್ವರ್ಗಕ್ಕೆ ಹೋದ್ರೂ ಮೊದ್ಲು ಪೊರಕೆ ಎಲ್ಲಿದೆ ಅಂತ ಕೇಳ್ತಾನೆ ಕಣೇ. ಕರ್ತನ ಮುಖ ನೋಡೋಕೂ ಪುರುಸೊತ್ತಿರಲ್ಲ." ನಗಲು ಹೊರಟವಳು ಗೋಡೆಯ ಮೇಲಿದ್ದ ತ್ರೇಸ್ಯಾಳ ಮಗ ಸಿಬಿಯ ಫೋಟೋ ಕಂಡು ಡಬ್ಬಿಯನ್ನು ಅವಳತ್ತ ಸರಿಸಿದಳು. "ಹಾಲು ಆರೋಕೆ ಮುಂಚೆ ತಿನ್ನಿ," ಎಂದು ಹೊರಟುಹೋದಳು.

ತ್ರೇಸ್ಯಾಳ ಗಂಡ ಕುಂಜೇರಿಯಾ ಚರ್ಚಿನ ಕಪ್ಯಾರ್. ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಬಲಿಪೂಜೆಯಲ್ಲಿ ಪಾದ್ರಿಯಾದ ಅಚ್ಚನ್ನರ ಪಕ್ಕ ನಿಂತು ಜನರನ್ನು ಪ್ರಾರ್ಥನೆಗೆ ಕರೆಯುವುದು, ಪ್ರತಿವಾಕ್ಯ ಹೇಳುವುದು ಅವನ ಕೆಲಸ. ಪ್ರತಿ ವರ್ಷ ಈ ಸಂಜೆ ಊರಿನ ಪ್ರತಿ ಮನೆಯಲ್ಲೂ ಯಜಮಾನ ಪ್ರಾರ್ಥಿಸಿ ಅಪ್ಪಂ ಕತ್ತರಿಸುವಾಗ ಅವನು ಆರಾಧನೆಯ ಮೇಣದಬತ್ತಿಗಳನ್ನು ನೋಡಿಕೊಳ್ಳುತ್ತ ಚರ್ಚಿನಲ್ಲಿರುತ್ತಿದ್ದ. ಮನೆಯಲ್ಲಿ ಕತ್ತರಿಸುತ್ತಿದ್ದವನು ಮಗ ಸಿಬಿ. ಸಿಬಿ ಹೋದ ಮಳೆಗಾಲ ಹೊಳೆಯಲ್ಲಿ ಮುಳುಗಿ ಸತ್ತ.

ಕುಂಜೇರಿಯಾ ಚರ್ಚಿನ ಬೀಗದಕೈ ಗೊಂಚಲು ಹಿಡಿದುಕೊಂಡೇ ಒಳಗೆ ಬಂದ. "ಬೇಗ ಆಗ್ಲಿ. ಆರಾಧನೆಗೆ ಕೂರೋಕೆ ತಾಯಂದಿರ ಸಂಘದ ಸರದಿ ಬಂತು. ಮೇಣದಬತ್ತಿ ಬದಲಾಯಿಸ್ಬೇಕು."

"ಕೂತ್ಕೊಳ್ಳಿ, ಇಚ್ಚಾಯ."

"ಪೆಣ್ಣಮ್ಮನ ಗಂಡನ್ನ ಕರೆದಿದ್ರೆ ಅವನೇ ಕತ್ತರಿಸಿಕೊಡ್ತಿದ್ದ."

"ಕತ್ತರಿಸೋಕೆ ನಂಗೂ ಬರುತ್ತೆ. ನಿಮ್ಮನ್ನ ಕರೆದಿದ್ದು ಪ್ರಾರ್ಥನೆಗೆ. ನನ್ನೆದುರಿಗೆ ಒಂದು ಸಲ ದೇವರ ಹತ್ರ ಮಾತಾಡಿ. ಸಿಬಿ ವಿಷಯ."

"ದಿನವಿಡೀ ದೇವರ ಹತ್ರಾನೇ ಇರ್ತೀನಲ್ಲ."

"ಇರ್ತೀರಿ. ದೇವರ ಮನೆ ಗುಡಿಸ್ತೀರಿ, ಬೆಳ್ಳಿ ತಿಕ್ತೀರಿ. ಒಂದು ಮಾತಾಡಿದೀರಾ? ಬೈದಾದ್ರೂ ಬೈದಿದೀರಾ? ನಾನು ಬಾಯಿಗೆ ಬಂದಂಗೆ ಬೈದೆ. ಆಮೇಲೆ ಆ ದೇವರ ಹತ್ರಾನೇ ಅತ್ತೆ. ಇನ್ಯಾರ ಹತ್ರ ಅಳ್ಲಿ, ನೀವು ಮನೇಲಿರಲ್ಲ." ಅವಳು ಕುರ್ಚಿಯನ್ನು ಅವನತ್ತ ತಳ್ಳಿದಳು. "ಮಗನ್ನ ಗುಂಡಿಗೆ ಇಳಿಸುವಾಗ್ಲೂ ಧೂಪದ ಬಟ್ಟಲು ಹಿಡ್ಕೊಂಡು ಅಚ್ಚನ್ ಪಕ್ಕ ನಿಂತಿದ್ರಿ."

"ಕಪ್ಯಾರ್ ಕೆಲಸ ಇನ್ಯಾರು ಮಾಡ್ತಿದ್ರು?"

"ಅಪ್ಪನ ಕೆಲಸ ಇನ್ಯಾರು ಮಾಡ್ತಿದ್ರು?"

ಕುಂಜೇರಿಯಾ ಕೂತ. ಬೀಗದಕೈಯನ್ನು ಮೇಜಿನ ಮೇಲಿಟ್ಟ. ತ್ರೇಸ್ಯಾ ಬಾಳೆಲೆ ಸರಿಸಿದಳು. ಅಪ್ಪಂ ಮೇಲೆ ತೆಂಗಿನ ಗರಿಯ ಪುಟ್ಟ ಶಿಲುಬೆಯಿತ್ತು.

"ಏನು ಹೇಳ್ಲಿ?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

"ಬಾಯಿಗೆ ಬಂದಿದ್ದು. ಮದುವೆ ಹೊಸತರಲ್ಲಿ, ಇನ್ನೂ ಕಪ್ಯಾರ್ ಆಗಿರ್ಲಿಲ್ಲ ನೀವು, ರಬ್ಬರ್ ಮರ ಕೆತ್ತುತ್ತಾ ಒಬ್ರೇ ದೇವರ ಹತ್ರ ಹರಟೆ ಹೊಡೀತಿದ್ರಲ್ಲ. ಸೊಳ್ಳೆ ಕಚ್ಚಿದ್ದನ್ನೂ ಹೇಳ್ತಿದ್ರಿ. ಹುಚ್ಚು ಹಿಡಿದಿದೆ ಈ ಮನುಷ್ಯನಿಗೆ ಅಂದ್ಕೊಂಡಿದ್ದೆ ನಾನು. ಹಾಗೆ ಹೇಳಿ, ಸಾಕು."

ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಕಣ್ಣು ಮುಚ್ಚಿ ಕೈ ಜೋಡಿಸಿದ. ತ್ರೇಸ್ಯಾ ತಲೆ ಬಗ್ಗಿಸಿದಳು. ಅವನ ತುಟಿ ಎರಡು ಮೂರು ಸಲ ತೆರೆದು ಮುಚ್ಚಿಕೊಂಡಿತು. ಆಮೇಲೆ ಎದೆಯಾಳದಿಂದ ದೊಡ್ಡ ದನಿ ಹೊರಟಿತು. ಚರ್ಚಿನ ಕೊನೆಯ ಸಾಲಿಗೂ ಕೇಳುವ ದನಿ, ಅದೇ ರಾಗ:

"ನಾವು ಪ್ರಾರ್ಥಿಸೋಣ. ಶಾಂತಿ ನಮ್ಮೊಂದಿಗಿರಲಿ."

ಅಷ್ಟಕ್ಕೆ ನಿಂತಿತು.

ತ್ರೇಸ್ಯಾ ಕಾದಳು. ಹೊರಗೆ ಯಾರದೋ ಮನೆಯಲ್ಲಿ ಮಕ್ಕಳು ಹಾಲಿಗಾಗಿ ಜಗಳವಾಡುತ್ತಿದ್ದವು. ಡಬ್ಬಿಯೊಳಗಿನ ಹಾಲು ಆರಿ ಮೇಲೆ ಕೆನೆ ಕಟ್ಟಿತು. ಅವಳು ತಲೆಯೆತ್ತಿದಳು.

"ಆಮೇಲೆ?"

ಕುಂಜೇರಿಯಾ ಕಣ್ಣು ತೆರೆದು, ಅಲ್ಲಿ ಯಾರೋ ನಿಂತಿರಬೇಕಿತ್ತು ಎಂಬಂತೆ ಬಲಕ್ಕೆ ತಿರುಗಿ ನೋಡಿದ. ಅಲ್ಲಿ ಗೋಡೆ ಇತ್ತು.

"ಆಮೇಲಿನದು ಅಚ್ಚನ್ ಹೇಳೋದು, ತ್ರೇಸ್ಯಾ."