ಹಳೆಯ ಆವೃತ್ತಿ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ವಾರಗಟ್ಟಲೆ ಬರೀ ಪ್ರಶ್ನೆಚಿಹ್ನೆಗಳನ್ನೇ ತೋರಿಸುತ್ತಿದ್ದ ಪರದೆಯ ಮೇಲೆ ಕೊನೆಗೂ ಅಕ್ಷರಗಳು ಮೂಡಿದವು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಮಿನೋರಿ "ಬಂತು!" ಎಂದು ಕೂಗಿಬಿಟ್ಟಳು. ಬಂದದ್ದೇನೆಂದು ಓದಿದ್ದು ಆಮೇಲೆ.

"ಫುಸಾಕೊ, ಉಸಿರಾಟದ ಯಂತ್ರ ನನಗೆ ಬೇಡ. ತುಂಬ ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಡಾಕ್ಟರು ಬಂದಾಗ ಅವರಿಗೂ ನಾನೇ ಹೇಳ್ತೀನಿ. ನೀನು ಅಳಬೇಡ."

ತೋಕುಜಿ ಜಪಾನಿನ ಕೋಚಿ ಪಟ್ಟಣದಲ್ಲಿ ಮೂವತ್ತೆರಡು ವರ್ಷ ಟ್ರಾಮ್ ಓಡಿಸಿದವರು. ಸ್ನಾಯುಗಳೆಲ್ಲ ಒಂದೊಂದಾಗಿ ಸೋಲುವ ಕಾಯಿಲೆ ಬಂದು, ಮಾತೂ ಹೋಗಿ, ಕೊನೆಗೆ ಹೇಳಿದಂತೆ ಕೇಳುತ್ತಿದ್ದದ್ದು ಬಲಗೈಯ ಹೆಬ್ಬೆರಳೊಂದೇ. ಪರದೆಯ ಮೇಲೆ ಅಕ್ಷರಗಳು ಸರದಿಯಂತೆ ಬೆಳಗುತ್ತಿದ್ದವು. ಬೇಕಾದದ್ದು ಬೆಳಗಿದಾಗ ಅವರು ಗುಂಡಿ ಒತ್ತುತ್ತಿದ್ದರು. ಯಾರೋ ಪುಣ್ಯಾತ್ಮ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಆ ಪ್ರೋಗ್ರಾಮನ್ನು ಹತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಲ್ಯಾಪ್‌ಟಾಪ್ ಕೆಟ್ಟು ಹೊಸದು ತಂದಾಗ, ಅದರಲ್ಲಿ ಆ ಪ್ರೋಗ್ರಾಮಿನ ಭಾಷೆಯಾದ ಪೈಥಾನಿನ ಹಳೆಯ ಆವೃತ್ತಿ ನಡೆಯಲೊಲ್ಲದು. ಹಡಗಿನ ಬಿಡಿಭಾಗಗಳ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದ ಕೆಳಗಿನ ಮನೆಯ ಮಿನೋರಿ, "ಎರಡು ವಾರ ಕೊಡಿ ಸಾಕು, ಹೊಸ ಆವೃತ್ತಿಗೆ ಹೊಂದಿಸಿಕೊಡ್ತೀನಿ" ಎಂದಿದ್ದಳು.

ತೋಕುಜಿಯ ಹೆಂಡತಿ ಫುಸಾಕೊ ಅಂದೇ ಪೆನ್‌ಡ್ರೈವ್ ತಂದುಕೊಟ್ಟಿದ್ದರು. "ಇವರು ಬರೆದದ್ದೆಲ್ಲ ಇದರಲ್ಲಿದೆ. ಪರೀಕ್ಷೆ ಮಾಡೋಕೆ ಬೇಕಾಗುತ್ತಲ್ಲ, ಇಟ್ಕೊಳ್ಳಿ. ಏನಿರುತ್ತೆ, ಸಾರಿಗೆ ಉಪ್ಪು ಜಾಸ್ತಿ ಅಂತ ನನ್ನ ಮೇಲೆ ದೂರು."

ಹಳೆಯ ಆವೃತ್ತಿಯಲ್ಲಿ ಐದನ್ನು ಎರಡರಿಂದ ಭಾಗಿಸಿದರೆ ಎರಡು, ಹೊಸದರಲ್ಲಿ ಎರಡೂವರೆ. ಎರಡೂವರೆಯನೆಯ ಸಾಲು ಎಲ್ಲಿದೆಯೆಂದು ತಿಳಿಯದೆ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಅದನ್ನು ತಿದ್ದುವಷ್ಟರಲ್ಲಿ ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾಗುವ ಗೋಳು. ನಡುವೆ ಕಚೇರಿಯ ಕೆಲಸದಲ್ಲಿ ಎರಡು ಭಾನುವಾರ ಹೋದವು. ಇನ್ನೊಂದು ಭಾನುವಾರ ಮಿನೋರಿ ಗೆಳತಿಯರ ಜೊತೆ ಚೆರಿ ಹೂ ನೋಡಲು ಹೋಗಿದ್ದಳು. ಎರಡು ವಾರ ಎಂದದ್ದು ನಲವತ್ತೊಂದು ದಿನವಾಗಿತ್ತು.

ಅಷ್ಟು ದಿನವೂ ತೋಕುಜಿ ರೆಪ್ಪೆ ಮಿಟುಕಿಸಿ ಹೌದು, ಅಲ್ಲ ಎನ್ನುತ್ತಿದ್ದರು. ಕೇಳಿದ್ದಕ್ಕಷ್ಟೇ ಉತ್ತರ. ಉಸಿರಾಟದ ಯಂತ್ರ ಬೇಕೇ ಎಂಬ ಆ ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ಫುಸಾಕೊಗೆ ಆಗಿರಲಿಲ್ಲ. ಒಂಬತ್ತು ದಿನದ ಹಿಂದೆ ಉಸಿರು ಕಟ್ಟಿ ತೋಕುಜಿಯ ಎಚ್ಚರ ತಪ್ಪಿದಾಗ, ಡಾಕ್ಟರು ಫುಸಾಕೊರನ್ನೇ ಕೇಳಿದರು. "ಹಾಕಿ, ಈಗಲೇ ಹಾಕಿ" ಎಂದರು ಫುಸಾಕೊ. ಒಮ್ಮೆ ಹಾಕಿದ ಆ ಯಂತ್ರವನ್ನು ಅಲ್ಲಿನ ಆಸ್ಪತ್ರೆಗಳಲ್ಲಿ ತೆಗೆಯುವುದಿಲ್ಲ.

ಮಿನೋರಿ ಆ ಸಾಲಿನ ದಿನಾಂಕ ನೋಡಿದಳು. ಲ್ಯಾಪ್‌ಟಾಪ್ ಕೆಡುವ ಹಿಂದಿನ ದಿನ; ಫುಸಾಕೊ ಅದನ್ನು ಓದಿರಲಾರರು. ಒಂದು ಕೀಲಿ ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಬೆರಳು ಕೀಲಿಯವರೆಗೆ ಹೋಯಿತು. ಬೇರೆಯವರ ಮಾತನ್ನು ಅಳಿಸಲು ತಾನು ಯಾರು? ಲ್ಯಾಪ್‌ಟಾಪ್ ಮಡಚಿ, ಪೆನ್‌ಡ್ರೈವಿನ ಜೊತೆ ಚೀಲಕ್ಕೆ ಹಾಕಿಕೊಂಡು, ಬರುತ್ತಿರುವುದಾಗಿ ಫುಸಾಕೊಗೆ ಫೋನ್ ಮಾಡಿ ಆಸ್ಪತ್ರೆಯ ಕಡೆಗಿನ ಟ್ರಾಮ್ ಹತ್ತಿದಳು.

ಫುಸಾಕೊ ಮಂಚದ ಪಕ್ಕ ಕೂತು ಬುಂತಾನ್ ಎಂಬ ಚಕ್ಕೋತ ಹಣ್ಣಿನ ದಪ್ಪ ಸಿಪ್ಪೆ ಸುಲಿಯುತ್ತಿದ್ದರು. "ವಾಸನೆ ನೋಡೋಕಾದ್ರೂ ಆಗಲಿ ಅಂತ ಇವರ ಮುಂದೇನೇ ಸುಲೀತೀನಿ. ಆಮೇಲೆ ನಾನೇ ತಿಂದು ಹೊಟ್ಟೆ ಉರಿಸ್ತೀನಿ" ಎಂದು ನಕ್ಕು, ಗಂಡನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟರು. "ಚಿಂತೆ ಬೇಡ ಮಿನೋರಿ ಸಾನ್, ತಡವಾಯ್ತು ಅಂತ ನಾವೇನೂ ಅಂದ್ಕೊಂಡಿಲ್ಲ. ಇವರ ಹಳೇ ಬರಹವೆಲ್ಲ ಬಂತು ತಾನೆ? ಇವತ್ತು ಕೂತು ಓದ್ಬೇಕು. ಇವರ ಬೈಗುಳ ಕೇಳಿ ಎಷ್ಟು ದಿನ ಆಯ್ತು!"

ಮಿನೋರಿ ಲ್ಯಾಪ್‌ಟಾಪ್ ತೆರೆದು ಗುಂಡಿಯ ತಂತಿ ಸಿಕ್ಕಿಸಿದಳು. ತೋಕುಜಿಯ ಕಣ್ಣುಗಳು ಹೆಂಡತಿಯನ್ನು ಬಿಟ್ಟು ಅವಳ ಮೇಲೆ ಬಂದು ನಿಂತವು. ಆ ನೋಟ ತಾಳಲಾರದೆ ಅವಳು ತಲೆ ತಗ್ಗಿಸಿದಳು. ಅವಳು ಓದಿದ್ದಾಳೆಂದು ಅವರಿಗೆ ಗೊತ್ತಾಗಲು ಅಷ್ಟೇ ಸಾಕಿತ್ತು.

ಪರದೆಯ ಮೇಲೆ ಬೆಳಕು ಸಾಲಿನಿಂದ ಸಾಲಿಗೆ ಇಳಿಯತೊಡಗಿತು. ಯಂತ್ರ ಎದೆಯನ್ನು ಎತ್ತಿ ಇಳಿಸುತ್ತಿತ್ತು. ಹೆಬ್ಬೆರಳು ತನ್ನ ಪಾಡಿಗೆ ತಾನು ಕಾಯುತ್ತಿತ್ತು. ಫುಸಾಕೊ ಮಗ್ಗಿ ಒಪ್ಪಿಸುವ ಹುಡುಗಿಯಂತೆ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದರು.

"ಹ... ಳೆ... ಯ... ದು... ಅ... ಳಿ... ಸಿ. ಹಳೆಯದು ಅಳಿಸಿ? ಅಯ್ಯೋ, ಯಾಕ್ರೀ? ನನಗೆ ಗೊತ್ತಾಗದ ಹಾಗೆ ಏನು ಬರ್ದಿದ್ರಿ ಅಂತೀನಿ!"

"ಎಲ್ಲಾನೂ ಅಳಿಸ್ಲಾ?" ಮಿನೋರಿ ತೋಕುಜಿಯನ್ನೇ ಕೇಳಿದಳು. "ಪೆನ್‌ಡ್ರೈವಿನಲ್ಲಿ ಇರೋದನ್ನೂ?"

ತೋಕುಜಿ ರೆಪ್ಪೆ ಮುಚ್ಚಿ ತೆರೆದರು. ಮಿನೋರಿ ಅಳಿಸುವ ಆಜ್ಞೆ ಕೊಟ್ಟಳು. ಅಳಿಸಿದ್ದು ಮತ್ತೆ ಸಿಗುವುದಿಲ್ಲ, ಆಗಬಹುದೇ ಎಂದು ಪರದೆ ಕೇಳಿತು. ಅವಳ ಕೈ ಮುಂದಾಗುವ ಮೊದಲೇ ತೋಕುಜಿಯ ಹೆಬ್ಬೆರಳು ಗುಂಡಿ ಒತ್ತಿತು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡರು, ಆಯಾಸವಾದವರಂತೆ.

ಫುಸಾಕೊ ಹಣ್ಣಿನ ತೊಳೆಯೊಂದನ್ನು ಬಿಡಿಸಿ ಮಿನೋರಿಯ ಕೈಗಿಟ್ಟರು. ಮುಖದ ಮೇಲೆ ನಗು ಹಾಗೇ ಇತ್ತು.

"ಹೋಗ್ಲಿ ಬಿಡಿ. ಮೊದಲ ಮಾತು ನನ್ನ ಹತ್ರ ಆಡ್ತಾರೆ ಅಂತ ಬೆಳಿಗ್ಗೆಯಿಂದ ತಲೆ ಬಾಚ್ಕೊಂಡು ಕೂತಿದ್ದೆ" ಎಂದರು. "ನಿಮ್ಮ ಹತ್ರ ಆಡಿದ್ರು ನೋಡಿ."