ಹಣಿಗೆ ಹಾಯದ ಗಂಟು

“ಕೈ ತಗೀಲೇ ಜಂಬಿ, ಮುಟ್ಟಬ್ಯಾಡ! ನಿನ್ನ ಸೊಸಿಗಿ ಜಡಿ ಮೂಡ್ಯಾವ.”

ಮಸ್ಕಿಯಿಂದ ಆಗತಾನೇ ಬಂದಿಳಿದಿದ್ದ ಅಂಬಮ್ಮ, ತಮ್ಮನ ಹೆಂಡತಿ ಜಂಬಮ್ಮನ ಕೈಯನ್ನು ಗಕ್ಕನೆ ಹಿಡಿದಳು. ಲಿಂಗಸುಗೂರಿನ ಆ ಮನೆಯ ಪಡಸಾಲೆಯಲ್ಲಿ ಸೊಸೆ ಶೇಖರಮ್ಮ ಅತ್ತೆಗೆ ಬೆನ್ನು ಮಾಡಿ ತಲೆ ಬಾಚಿಸಿಕೊಳ್ಳುತ್ತ ಕೂತಿದ್ದಳು. ಕಿವಿಯ ಹಿಂದೆ ಕೂದಲು ಬೆರಳೂ ತೂರದಂತೆ ಗಂಟುಗಟ್ಟಿತ್ತು. ಹಣಿಗೆ ಅಲ್ಲಿಗೆ ಬಂದು ನಿಂತಿತ್ತು.

ಅಂಬಮ್ಮ ಒಳಗಿನಿಂದ ಕುಂಕುಮದ ಭರಣಿ ತಂದು ಗಂಟಿಗೆ ಹಚ್ಚಿ ಕೈ ಮುಗಿದಳು. ಜಂಬಮ್ಮನೂ ಮುಗಿದಳು.

“ಕೂದಲಾ ಜಡಿಗಟ್ಟಿದ್ವು ಅಂದ್ರ ಹುಲಿಗೆಮ್ಮ ದೇವಿ ಕರದಂಗ. ಇಕಿ ಇನ್ನ ಸಂಸಾರ ಮಾಡಾಕಿ ಅಲ್ಲ. ಶುಕ್ರವಾರ ಕರಕೊಂಡು ಹೋಗಿ ಅಮ್ಮಗ ಒಪ್ಪಿಸಿ ಬರೂಣು.”

“ಮತ್ತ ಆದೆಪ್ಪ?” ಎಂದಳು ಜಂಬಮ್ಮ. ಮಗ ಕಾಲುವೆ ಅಗೆಯುವ ಕೆಲಸದ ಮೇಲೆ ಸಿಂಧನೂರಿನ ಕಡೆ ಇದ್ದ.

“ಅವಗ ಇನ್ನೊಂದು ಹೆಣ್ಣು ನೋಡಿದರಾತು. ದೇವಿ ಕೂಡ ಜಗಳಾ ತಗೀತಿಯೇನು?”

ಶೇಖರಮ್ಮ ಕಿವಿಯ ಹಿಂದಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ಆ ಮನೆಯಲ್ಲಿ ಸೋಮವಾರ ಎಲ್ಲರಿಗೂ ಹೊಲದಿಂದ ತಂದ ಕಪ್ಪು ಎರೆಮಣ್ಣಿನ ತಲೆಸ್ನಾನ. ಅವರ ಕೂದಲು ನೂಲಿನಂಥವು, ನೀರು ಸುರಿದರೆ ಮಣ್ಣು ಜಾರಿ ಹೋಗುತ್ತಿತ್ತು. ಇವಳದು ಗುಂಗುರು. ತವರೂರು ಬಳಗಾನೂರಿನಲ್ಲಿ ಅವ್ವ ಮಣ್ಣು ಸೋಕಿಸದೆ, ಔಡಲೆಣ್ಣೆ ಬೆಚ್ಚಗೆ ಮಾಡಿ ಹಚ್ಚಿ, ತುದಿಯಿಂದ ಮೇಲಕ್ಕೆ ಬಿಡಿಸುತ್ತಿದ್ದಳು. ಅವ್ವ ಕೊಟ್ಟ ಸೀಸೆ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಅದನ್ನು ತೆಗೆದರೆ ಗಂಡನ ಮನೆಯನ್ನು ಹಳಿದಂತೆ ಎಂದು ಮದುವೆಯಾದಂದಿನಿಂದ ಮುಟ್ಟಿರಲಿಲ್ಲ.

“ಅತ್ತಿ,” ಎಂದಳು, ಎದುರಿನ ಗೋಡೆಗೆ ಹೇಳುವಂತೆ. “ಅದು ಜಡಿ ಅಲ್ರೀ. ನನ್ನ ಕೂದಲಾನ ಹಂಗ. ಮಣ್ಣು ಆಗಂಗಿಲ್ಲ ಅವಕ್ಕ. ಔಡಲೆಣ್ಣಿ ಹಚ್ಚಿದ್ರ ಬಿಡ್ತಾವು. ನಮ್ಮವ್ವ ಕೊಟ್ಟಾಳ.”

“ಬಾಯಿಲ್ಲದ ಹುಡುಗಿ ಅಂದಿದ್ರು, ಬಾಯಿ ಬಂತು ನೋಡು!” ಅಂಬಮ್ಮ ನಕ್ಕಳು. “ಔಡಲೆಣ್ಣಿ ಬಂಡಿ ಗಾಲಿಗಿ ಹಚ್ಚತಾರವ್ವಾ, ತಲಿಗಲ್ಲ.”

ಜಂಬಮ್ಮ ನಗಲಿಲ್ಲ. “ಮಣ್ಣು ಆಗಂಗಿಲ್ಲಂದ್ರ ಇಷ್ಟು ದಿನ ಯಾಕ ಹೇಳಲಿಲ್ಲ?”

“ನೀವ ಕೈಯಾರೆ ಹಚ್ಚತಿದ್ರಿ...”

ಜಂಬಮ್ಮ ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. “ಸೀಸೆ ತಾ,” ಎಂದಳು.

ಎಣ್ಣೆ ಸುರಿದು ಹಣಿಗೆ ಹಾಕಿದಳು. ಟಕ್ಕೆಂದು ಒಂದು ಹಲ್ಲು ಮುರಿಯಿತು.

“ಕಂಡ್ಯಾ? ಒಲ್ಲೆ ಅಂತಾಳ ತಾಯಿ!”

ಜಂಬಮ್ಮ ಮುರಿದ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲೆ ಅಡಿಕೆಯ ತಟ್ಟೆಯಿಂದ ಅಡಕೊತ್ತು ಎತ್ತಿಕೊಂಡು, ಸಂದಿ ಅಗಲವಾಗಲೆಂದು ಒಂದು ಬಿಟ್ಟು ಒಂದರಂತೆ ಹಣಿಗೆಯ ಹಲ್ಲು ಕತ್ತರಿಸತೊಡಗಿದಳು.

“ಅಯ್ಯಯ್ಯ, ನಮ್ಮವ್ವನ ಹಣಿಗಿ ಅದು!”

“ನಿಮ್ಮವ್ವನ ಕೂದಲಾ ನೆಟ್ಟಗಿದ್ವು ಅಕ್ಕಾರ. ಇಕೀವು ಹಂಗಿಲ್ಲ.”

ಬಾಗಿಲ ಬಿಸಿಲು ಪಡಸಾಲೆ ದಾಟಿ ಗೋಡೆಗೇರಿತು. ಜಂಬಮ್ಮ ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಮೇಲೇರಿದಳು. ಕುಂಕುಮ ಕರಗಿದ ಎಣ್ಣೆ ಶೇಖರಮ್ಮನ ಕುತ್ತಿಗೆಗೆ ಇಳಿಯಿತು. ಕೊನೆಗೆ ಗಂಟು ಸಡಿಲವಾಯಿತು. ಅದರೊಳಗಿಂದ ಹುಣಸೆ ಬೀಜದಷ್ಟು ಏನೋ ನೆಲದ ಬಂಡೆಯ ಮೇಲೆ ಬಿತ್ತು.

ಜಂಬಮ್ಮ ಅದನ್ನು ಹೆಕ್ಕಿ ಅಂಬಮ್ಮನ ಮುಂದೆ ಅಂಗೈ ಚಾಚಿದಳು. ಮೇಲೆ ಕೆಂಪು, ಒಳಗೆ ಕಪ್ಪು.

“ನಮ್ಮ ಹೊಲದ ಮಣ್ಣು ಅಕ್ಕಾರ. ಇಬ್ಬರೂ ಇದಕ್ಕ ಕೈ ಮುಗದ್ವಿ.”