ಓಗೊಡುವ ನೆಲ

ನೆಲ ಉತ್ತರಿಸಲಿಲ್ಲ.

ಬೇಕರಿಯಾಕೆ ಮತ್ತೊಮ್ಮೆ ಬಲಗಾಲೆತ್ತಿ ಅಪ್ಪಳಿಸಿ "ಹ್ಹೂಂ!" ಎಂದು ಅಬ್ಬರಿಸಿದಳು. ಕಿಟಕಿಯ ಗಾಜು ಗಡಗಡ ಅದುರಿತು. ಗೋಡೆಗುಂಟ ಕುಳಿತ ಪಾಲಕರು ಕತ್ತು ಚಾಚಿ ಆಲಿಸಿದರು. ಏನೂ ಇಲ್ಲ.

"ಹಿಟ್ಟು ನಾದಿ ನಾದಿ ಕೈ ಬಿದ್ದುಹೋಗಿದೆ ಮೇಷ್ಟ್ರೇ, ಈಗ ಕಾಲೂ ಹೋಗ್ಲಾ? ಕಪ್ಪು ಪಟ್ಟಿ ಕೊಡ್ತೀರೋ ಇಲ್ವೋ?"

ಕರಾಟೆ ಮಾಸ್ತರರ ಬೆನ್ನಲ್ಲಿ ಬೆವರಿಳಿಯಿತು. ಅವರ ಶಾಲೆಯಲ್ಲಿ ಪಟ್ಟಿಗಳಿಗೇನೂ ಬರವಿರಲಿಲ್ಲ. ಹಳದಿಗೂ ಕಡುಹಳದಿಗೂ ನಡುವೆಯೇ ಹಲವು ಬಣ್ಣಗಳಿದ್ದವು. ಮೊಮ್ಮಕ್ಕಳನ್ನು ಕರೆದೊಯ್ಯಲು ಬಂದು ಬೆಂಚಿನ ಮೇಲೆ ತೂಕಡಿಸುವ ತಾತಂದಿರೂ ಕೆಲವು ವಾರ ಕಳೆದರೆ ಹಸಿರು ಪಟ್ಟಿ ಬಿಗಿದುಕೊಂಡೇ ತೂಕಡಿಸುತ್ತಿದ್ದರು. ಮಾಸ್ತರರ ವಿದ್ಯೆಯೆಲ್ಲ ಒಂದು ಹಳೆಯ ಕ್ಯಾಲೆಂಡರಿನ ಚಿತ್ರಗಳಿಂದ ಬಂದದ್ದು. ಫೆಬ್ರವರಿಯ ಹಾಳೆ ಹರಿದುಹೋಗಿದ್ದರಿಂದ ಎಡಗಡೆಯಿಂದ ಬರುವ ಪೆಟ್ಟನ್ನು ತಡೆಯುವುದು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಇದೆಲ್ಲ ಅವರಿಗೂ ಗೊತ್ತಿತ್ತು. ಆದರೆ ಒಂದು ಮಾತ್ರ ಸುಳ್ಳಲ್ಲ. ಮನಸಾರೆ ಅಪ್ಪಳಿಸಿದ ಕಾಲಿಗೆ ನೆಲದಾಳದಿಂದ ಓಗೊಟ್ಟಂತೆ ಸದ್ದು ಬರುತ್ತಿತ್ತು: ಟಕ್, ಟಕ್, ಟಕ್. ಅದನ್ನು ಮೊದಲು ಕೇಳಿದ ಸಂಜೆ ಮಾಸ್ತರರು ಒಬ್ಬರೇ ಕುಳಿತು ಅತ್ತಿದ್ದರು. ಅಂದಿನಿಂದ ನೆಲ ಓಗೊಟ್ಟವರಿಗಷ್ಟೇ ಕಪ್ಪು ಪಟ್ಟಿ. ಅವರ ಬದುಕಿನಲ್ಲಿ ಉಳಿದಿದ್ದ ಆ ಒಂದೇ ಒಂದು ನಿಜ ಇಂದು ಎಲ್ಲರೆದುರು ಮೂಕವಾಗಿತ್ತು.

ಪಕ್ಕದಲ್ಲಿದ್ದ ಬಾಮೈದ ಮಾಸ್ತರರ ಕಿವಿಯಲ್ಲಿ ಉಸುರಿದ. "ಭಾವ, ಬಾಗಿಲ ಕಡೆ ನೋಡಿ."

ಒಬ್ಬ ವೃದ್ಧರು ನಿಂತಿದ್ದರು. ಬರಿಗಾಲು, ಆದರೂ ಬೀದಿಯ ಧೂಳು ಅದಕ್ಕೆ ಸೋಕಿರಲಿಲ್ಲ. ಅಷ್ಟೂ ಮಹಡಿ ಏರಿ ಬಂದ ಎದೆಯಲ್ಲಿ ಏದುಸಿರಿನ ಸುಳಿವಿಲ್ಲ. ಕೈಯಲ್ಲಿ ಆಳುದ್ದದ ಕೋಲು. ಅದರ ತುದಿ ಪೆಟ್ಟು ಹಾಕಿ ಹಾಕಿ ಜಜ್ಜಿಹೋಗಿತ್ತು. ತಲೆಯ ಮೇಲೆ, ಹೆಗಲ ಮೇಲೆ ಬಿಳಿಯ ಪುಡಿ.

"ಸಿಮೆಂಟ್ ಇಟ್ಟಿಗೆ ಒಡೆದು ಬಂದಿದಾರೆ," ಬಾಮೈದನ ದನಿ ನಡುಗಿತು. "ತಲೆಯಲ್ಲೇ."

ಅಸಲಿ ಗುರು! ಎಂದಾದರೂ ಒಬ್ಬರು ಬಂದೇ ಬರುತ್ತಾರೆಂದು ಮಾಸ್ತರರು ಹೆದರಿದ್ದರು. ಹಾಗೆಯೇ, ಒಳಗೊಳಗೇ, ಹಾರೈಸಿಯೂ ಇದ್ದರು. ಕೈಮುಗಿದು ಹತ್ತಿರ ಹೋದರು.

"ನಮ್ಮ ಶಾಲೆ ವಿಷಯ ಕೇಳಿದೀರಾ, ಹಿರಿಯರೇ?"

"ಕೇಳದೆ ಏನಪ್ಪ. ದಿನಾ ಕೇಳ್ತೀನಿ."

"ಏನನ್ನಿಸುತ್ತೆ?"

ಹಿಂದೆ ಬೇಕರಿಯಾಕೆ ಮತ್ತೆ ಅಪ್ಪಳಿಸಿದಳು. ವೃದ್ಧರು ಕಣ್ಣು ಮುಚ್ಚಿ ತೆರೆದರು. "ಶಕ್ತಿಗೇನೂ ಕಮ್ಮಿ ಇಲ್ಲ. ನೆಮ್ಮದಿ ಇಲ್ಲ, ಅಷ್ಟೇ."

ಇಂಥ ಮಾತು ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಮಾಸ್ತರರು ಇನ್ನೊಂದು ಹೆಜ್ಜೆ ಹತ್ತಿರ ಸರಿದರು. "ದಿನಾ ಕಾಲು ಅಪ್ಪಳಿಸಿದ ಕೂಡ್ಲೇ ಕೆಳಗಿಂದ ಟಕ್ ಟಕ್ ಅನ್ನೋದು... ಇವತ್ತು ಯಾಕೆ ಅಂತಿಲ್ಲ?"

ವೃದ್ಧರು ಅವರನ್ನೇ ವಿಚಿತ್ರವಾಗಿ ದಿಟ್ಟಿಸಿದರು. "ನಾನಿಲ್ಲಿ ನಿಂತಿದೀನಲ್ಲಪ್ಪ. ಹೇಗೆ ಅನ್ನುತ್ತೆ?"

ಸಭೆಯಲ್ಲಿ ರೋಮಾಂಚನದ ಅಲೆಯೊಂದು ಹಾದುಹೋಯಿತು. ಈ ಸನ್ನಿಧಿಯಲ್ಲಿ ಭೂಮಿಯೇ ಉಸಿರು ಬಿಗಿಹಿಡಿದಿತ್ತು! ಮಾಸ್ತರರು ತಮ್ಮ ಸೊಂಟದ ಕಪ್ಪು ಪಟ್ಟಿಯನ್ನು ಬಿಚ್ಚಿದರು, ಮೊಣಕಾಲೂರಿದರು, ಎರಡೂ ಅಂಗೈಗಳಲ್ಲಿ ಅದನ್ನು ಎತ್ತಿ ಹಿಡಿದರು. ಅರ್ಹರಿಗೆ ಅವರು ಪಟ್ಟಿ ಕೊಡುತ್ತಿದ್ದುದು ಇದೇ ಮೊದಲು.

"ಅಯ್ಯೋ, ಹಾಗಾದ್ರೆ ನಂದು?" ಎಂದಳು ಬೇಕರಿಯಾಕೆ.

"ಒಂದು ಮಾತು ಹೇಳಿ ಗುರುಗಳೇ," ಮಾಸ್ತರರು ತಲೆ ತಗ್ಗಿಸಿದರು. "ಅದರಂತೆ ನಡೀತೀವಿ."

ವೃದ್ಧರು ಹೆಗಲ ಮೇಲಿನ ಪುಡಿಯನ್ನು ಮೆಲ್ಲಗೆ ಕೊಡವಿಕೊಂಡರು.

"ಸ್ವಲ್ಪ ಮೆತ್ತಗೆ ಕುಣೀರಪ್ಪ. ನಾನು ಕೆಳಗಿನ ಮನೆಯವನು. ಇವತ್ತು ಗಾರೆ ಕಿತ್ತು ತಲೆ ಮೇಲೇ ಬಿತ್ತು, ಅದಕ್ಕೇ ಹತ್ತಿ ಬಂದೆ. ಇಷ್ಟು ದಿನ ಈ ಕೋಲಲ್ಲಿ ಚಾವಣಿ ಕುಟ್ಟಿ ಕುಟ್ಟಿ ಹೇಳಿದೀನಿ, ನಿಮ್ಮಲ್ಲಿ ಒಬ್ಬರಿಗಾದ್ರೂ ಕೇಳಿಸಬಾರದಾ?"